ಪಹಣಿಯವರೆಗೆ ಬಂದ ಹಸಿರು ನೀತಿ

2020ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕೇಂದ್ರ ಸರ್ಕಾರಕ್ಕೆ ಒಂದು ಮಧ್ಯಂತರ ಆದೇಶ ಕೊಟ್ಟಿತು. ಪರಿಸರ ಪರಿಣಾಮ ಅಧ್ಯಯನದ ಹೊಸ ನಿಯಮಗಳ ಕರಡನ್ನು ಸದ್ಯಕ್ಕೆ ಅಂತಿಮಗೊಳಿಸಿ ಪ್ರಕಟಿಸುವಂತಿಲ್ಲ ಎಂಬುದು ಅದರ ಸಾರ. ಕರಡಿನಲ್ಲಿ ತಕರಾರಿಗೆ ಆಸ್ಪದ ಕೊಡುವ ಸಂಗತಿಗಳು ಬೇಕಾದಷ್ಟಿದ್ದವು. ಆದರೆ ಅರ್ಜಿದಾರರು ಎತ್ತಿದ ಮುಖ್ಯ ಪ್ರಶ್ನೆ ತೀರಾ ಸರಳವಾಗಿತ್ತು: ಜನರ ಆಕ್ಷೇಪಣೆ ಕೇಳುತ್ತೀರಿ, ಜನರ ಭಾಷೆಯಲ್ಲಿ ಕರಡೆಲ್ಲಿದೆ? ಅದಕ್ಕೂ ಮೊದಲೇ, ಜೂನ್ ಕೊನೆಯಲ್ಲಿ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಿತ್ತು. ಆ ಕರಡು ಕೊನೆಗೂ ಅಧಿಸೂಚನೆಯಾಗಲಿಲ್ಲ. ಅದರಲ್ಲಿದ್ದ ಕೆಲವು ಉದ್ದೇಶಗಳು ಮಾತ್ರ ಬೇರೆ ದಾರಿ ಹಿಡಿದು, ಬಿಡಿ ತಿದ್ದುಪಡಿಗಳಾಗಿಯೂ ಪರಿಸರ ಮಂತ್ರಾಲಯದ ಜ್ಞಾಪನಗಳಾಗಿಯೂ ಬಂದವು.

ಸುಸ್ಥಿರತೆ ಎಂಬ ರಾಷ್ಟ್ರೀಯ ನೀತಿ ನಮ್ಮ ಕಾನೂನನ್ನೂ ವಕೀಲಿ ವೃತ್ತಿಯನ್ನೂ ಹೇಗೆ ಬದಲಿಸುತ್ತಿದೆ ಎಂದು ನೋಡಹೊರಟವರಿಗೆ ಈ ಪ್ರಸಂಗದಲ್ಲಿ ಎರಡು ಸುಳಿವುಗಳು ಸಿಗುತ್ತವೆ. ನೀತಿ ಕಾನೂನಾಗುವ ಜಾಗ ಸಂಸತ್ತಿನಿಂದ ಕಚೇರಿಗೆ ಸರಿದಿದೆ. ಆ ಕಚೇರಿಯ ಭಾಷೆಯನ್ನು ಓದಬಲ್ಲವರು ಯಾರ ಪರವಾಗಿ ಓದುತ್ತಿದ್ದಾರೆ ಎಂಬುದೇ ಈಗ ನ್ಯಾಯದ ಪ್ರಶ್ನೆಯಾಗಿದೆ.

ಮೊದಲು ಹಿನ್ನೆಲೆಯನ್ನು ಬೇಗ ನೋಡಿಬಿಡೋಣ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ 1974ರಲ್ಲಿ ಜಲ ಮಾಲಿನ್ಯ ಕಾಯ್ದೆ ಬಂತು, 1976ರ ನಲವತ್ತೆರಡನೇ ತಿದ್ದುಪಡಿ ಸಂವಿಧಾನಕ್ಕೆ 48ಎ ಮತ್ತು 51ಎ(ಜಿ) ವಿಧಿಗಳನ್ನು ಸೇರಿಸಿತು, 1981ರಲ್ಲಿ ವಾಯು ಮಾಲಿನ್ಯ ಕಾಯ್ದೆ, ಭೋಪಾಲ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. ಇವೆಲ್ಲ ಸಂಸತ್ತು ಮಾಡಿದ ಕಾನೂನುಗಳು. ಆಮೇಲಿನ ದೊಡ್ಡ ಹೆಜ್ಜೆಗಳ ಸ್ವರೂಪವೇ ಬೇರೆ. 2006ರ ರಾಷ್ಟ್ರೀಯ ಪರಿಸರ ನೀತಿ, ಎಂಟು ಅಭಿಯಾನಗಳ 2008ರ ಹವಾಮಾನ ಬದಲಾವಣೆ ಕ್ರಿಯಾಯೋಜನೆ, 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿದ 2070ರ ಶೂನ್ಯ ಇಂಗಾಲದ ಗುರಿ, 2030ರೊಳಗೆ ಆರ್ಥಿಕತೆಯ ಇಂಗಾಲ ತೀವ್ರತೆಯನ್ನು 2005ರ ಮಟ್ಟಕ್ಕಿಂತ ಶೇ 45ರಷ್ಟು ಇಳಿಸುವ 2022ರ ಮಾತು: ಇವುಗಳಲ್ಲಿ ಒಂದೂ ಕಾಯ್ದೆಯಲ್ಲ. ಇವನ್ನು ಮುರಿದರೆಂದು ಯಾರ ಮೇಲೂ ನೇರವಾಗಿ ದಾವೆ ಹೂಡಲು ಬರುವುದಿಲ್ಲ. ಆದರೂ ಇವು ನೆಲದ ಮೇಲೆ ಕಾಯ್ದೆಗಳಷ್ಟೇ ಬಲವಾಗಿ ಕೆಲಸ ಮಾಡುತ್ತಿವೆ.

ಸುಸ್ಥಿರ ಅಭಿವೃದ್ಧಿ ಎಂಬ ಮಾತು ನಮ್ಮ ಕಾನೂನಿಗೆ ಬಂದದ್ದೇ ನ್ಯಾಯಾಲಯದ ಬಾಗಿಲಿನಿಂದ. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೇಲೆ ವೆಲ್ಲೂರು ನಾಗರಿಕರ ವೇದಿಕೆ ತಂದ ಮೊಕದ್ದಮೆಯಲ್ಲಿ, 1996ರಲ್ಲಿ, ಸುಪ್ರೀಂ ಕೋರ್ಟ್ ಮುನ್ನೆಚ್ಚರಿಕೆಯ ತತ್ವವನ್ನೂ ಮಾಲಿನ್ಯ ಮಾಡಿದವನೇ ಅದರ ಬೆಲೆ ತೆರಬೇಕೆಂಬ ತತ್ವವನ್ನೂ ಈ ನೆಲದ ಕಾನೂನಿನ ಭಾಗವೆಂದು ಸಾರಿತು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಕಲಮು ಅದೇ ತತ್ವಗಳನ್ನು ತನ್ನದಾಗಿಸಿಕೊಂಡಿತು. ನ್ಯಾಯಾಧೀಶರು ಮೊದಲು ಹೇಳಿದ್ದನ್ನು ಶಾಸಕಾಂಗ ಹದಿನಾಲ್ಕು ವರ್ಷ ಕಳೆದು ಬರೆದುಕೊಂಡಂತಾಯಿತು.

ಈ ದಾರಿಯ ಎರಡು ದೊಡ್ಡ ಮೈಲಿಗಲ್ಲುಗಳು ನಮ್ಮ ನಾಡಿನಲ್ಲೇ ಇವೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯ ವಿರುದ್ಧ ಕೆ.ಎಂ. ಚಿಣ್ಣಪ್ಪ ತಂದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. 2005ರ ಕೊನೆಗೆ ಅಲ್ಲಿ ಗಣಿ ನಿಂತಿತು. ಕಂಪನಿ ಸರ್ಕಾರದ್ದೇ ಆಗಿತ್ತು, ನೀತಿಯೂ ಸರ್ಕಾರದ್ದೇ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ನಿಲ್ಲಿಸಬೇಕೆಂದು ಹೇಳಲು ಮೂರನೆಯವರಾಗಿ ನ್ಯಾಯಾಲಯ ಬರಬೇಕಾಯಿತು.

ಬಳ್ಳಾರಿಯ ಕಥೆ ಇನ್ನೂ ಮುಂದೆ ಹೋಯಿತು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯಲ್ಲಿ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೂ ಮರುತಿಂಗಳು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ತಡೆ ಬಿತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಂದದ್ದೂ ಅದೇ ಜುಲೈನಲ್ಲಿ. 2013ರ ಏಪ್ರಿಲ್ 18ರ ತೀರ್ಪು ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದ್ದನ್ನು ಒಪ್ಪಿತು. ಹೆಚ್ಚು ಅಕ್ರಮ ನಡೆದಿದ್ದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಮೂರೂ ಜಿಲ್ಲೆಗಳಿಂದ ವರ್ಷಕ್ಕೆ 30 ದಶಲಕ್ಷ ಟನ್‌ಗಿಂತ ಹೆಚ್ಚು ಅದಿರು ತೆಗೆಯಬಾರದೆಂಬ ಮಿತಿ ನಿಂತಿತು, ನಂತರದ ವರ್ಷಗಳಲ್ಲಿ ಅದು ಹಂತಹಂತವಾಗಿ ಏರಿತು. ಮುಂದಿನ ತಲೆಮಾರಿನ ಪಾಲನ್ನು ಈಗಿನವರೇ ಮುಗಿಸಬಾರದು ಎಂಬ ತತ್ವ ಭಾಷಣಗಳಲ್ಲಿ ಹಳೆಯದು. ಅದಕ್ಕೆ ಟನ್ನಿನ ಲೆಕ್ಕ ಕೊಟ್ಟ ತೀರ್ಪು ಇದು.

ವಕೀಲರ ಕೆಲಸದ ಸ್ವರೂಪವನ್ನೂ ಆ ಪ್ರಕರಣ ಬದಲಿಸಿತು. ಗುತ್ತಿಗೆಯ ಗಡಿ ಎಲ್ಲಿ, ಅಗೆದದ್ದು ಎಲ್ಲಿಯವರೆಗೆ, ಮಣ್ಣಿನ ರಾಶಿ ಯಾರ ಜಾಗದಲ್ಲಿ ಬಿದ್ದಿದೆ ಎಂಬುದೇ ವಾದದ ಜೀವಾಳವಾದಾಗ ಕಪ್ಪು ಕೋಟಿನವರು ಉಪಗ್ರಹ ಚಿತ್ರ, ಸರ್ವೆ ನಕಾಶೆ, ಪುನಶ್ಚೇತನ ಯೋಜನೆಯ ಕೋಷ್ಟಕಗಳನ್ನು ಓದುವುದನ್ನು ಕಲಿಯಬೇಕಾಯಿತು. ಸುಪ್ರೀಂ ಕೋರ್ಟ್ ನೇಮಿಸಿದ್ದ ಕೇಂದ್ರೀಯ ಉನ್ನತಾಧಿಕಾರ ಸಮಿತಿಯ ವರದಿಗೆ ಉತ್ತರ ಬರೆಯುವುದು ಸಾಕ್ಷಿಯ ಪಾಟಿಸವಾಲಿಗಿಂತ ದೊಡ್ಡ ಕೌಶಲವಾಯಿತು. ಇಂದು ಪರಿಸರ ಪ್ರಕರಣ ನಡೆಸುವ ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ: ತಜ್ಞರ ಸಮಿತಿಯ ವರದಿ ಯಾವ ಕಡೆ ವಾಲಿತೋ ಮೊಕದ್ದಮೆಯೂ ಬಹುಪಾಲು ಅದೇ ಕಡೆ ವಾಲುತ್ತದೆ.

ಹಸಿರು ನ್ಯಾಯಮಂಡಳಿ ಈ ಬದಲಾವಣೆಯನ್ನು ಸಂಸ್ಥೆಯಾಗಿಯೇ ಕಟ್ಟಿತು. ಅಲ್ಲಿ ನ್ಯಾಯಾಂಗ ಸದಸ್ಯರ ಪಕ್ಕದಲ್ಲೇ ವಿಷಯ ತಜ್ಞ ಸದಸ್ಯರು ಕೂರುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಅದು ಬದ್ಧವಲ್ಲ, ಸಹಜ ನ್ಯಾಯದ ತತ್ವಗಳೇ ದಾರಿ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಬಡವನಿಗೂ ಎಟುಕುವ ನ್ಯಾಯ ಎಂದೇ ಅನ್ನಿಸುತ್ತದೆ. ಆದರೆ ದಕ್ಷಿಣದ ಪೀಠ ಇರುವುದು ಚೆನ್ನೈಯಲ್ಲಿ. ವಿಡಿಯೊ ವಿಚಾರಣೆ ಬಂದ ಮೇಲೆ ದೂರ ಸ್ವಲ್ಪ ಕಡಿಮೆಯಾಗಿದೆ, ನಿಜ. ಆದರೂ ಕಲಾಪ ಇಂಗ್ಲಿಷಿನದು, ದಾಖಲೆ ಇಂಗ್ಲಿಷಿನದು. ತಾಲ್ಲೂಕು ಕೋರ್ಟಿನಲ್ಲಿ ಕನ್ನಡದಲ್ಲೇ ವಾದಪತ್ರ ಬರೆದು, ಕನ್ನಡದಲ್ಲೇ ತೀರ್ಪು ಪಡೆಯುವ ವಕೀಲ ತನ್ನೂರಿನ ಕೆರೆಯ ವಿಷಯಕ್ಕೆ ಹೊರಟರೆ ತನಗಿಂತ ಇಂಗ್ಲಿಷ್ ಚೆನ್ನಾಗಿ ಬಲ್ಲ ಇನ್ನೊಬ್ಬನನ್ನು ಹುಡುಕಬೇಕಾಗುತ್ತದೆ.

ಬೆಂಗಳೂರಿನ ಕೆರೆಗಳ ಪ್ರಕರಣ ಈ ನ್ಯಾಯಮಂಡಳಿಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಿತು. ಬೆಳ್ಳಂದೂರು ಮತ್ತು ಅಗರ ಕೆರೆಗಳ ನಡುವೆ ಎದ್ದ ಕಟ್ಟಡ ಯೋಜನೆಗಳ ವಿರುದ್ಧದ ಅರ್ಜಿಯಲ್ಲಿ, 2016ರ ಮೇ ತಿಂಗಳಲ್ಲಿ, ನಗರದ ಎಲ್ಲ ಕೆರೆಗಳ ಸುತ್ತ 75 ಮೀಟರ್, ರಾಜಕಾಲುವೆಗಳ ಪಕ್ಕ 50, 35 ಮತ್ತು 25 ಮೀಟರ್ ಜಾಗ ಖಾಲಿ ಬಿಡಬೇಕೆಂದು ನ್ಯಾಯಮಂಡಳಿ ಹೇಳಿತು. ನಗರದ ಮಾಸ್ಟರ್ ಪ್ಲಾನ್ ಕೆರೆಗೆ ಬಿಟ್ಟಿದ್ದ ಅಂತರ 30 ಮೀಟರ್. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸಾಮಾನ್ಯ ನಿರ್ದೇಶನವನ್ನು ರದ್ದುಮಾಡಿತು. ಶಾಸನದ ಬಲವಿರುವ ಮಾಸ್ಟರ್ ಪ್ಲಾನನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಕಾರಣ. ಕಾನೂನಿನ ದೃಷ್ಟಿಯಿಂದ ಆ ಮಾತು ಸರಿಯೆಂದೇ ನನಗೂ ಅನಿಸುತ್ತದೆ. ಆದರೆ ಮಳೆನೀರಿಗೆ 30 ಮೀಟರ್ ಸಾಕೇ ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಕೊಡಬೇಕಾದವರು ವಿಧಾನಸೌಧದಲ್ಲಿದ್ದಾರೆ.

ಈಗ ಈ ವಿಷಯದ ತಿರುಳಿಗೆ ಬರೋಣ. ಪರಿಸರ ಅನುಮತಿ ಮೊದಲು, ಕಾಮಗಾರಿ ಆಮೇಲೆ: ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಜೀವವೇ ಈ ಕ್ರಮ. 2017ರ ಮಾರ್ಚ್‌ನಲ್ಲಿ ಮಂತ್ರಾಲಯ ಇನ್ನೊಂದು ಅಧಿಸೂಚನೆ ಹೊರಡಿಸಿ, ಅನುಮತಿ ಪಡೆಯದೆ ಕೆಲಸ ಶುರುಮಾಡಿದವರಿಗೆ ಆರು ತಿಂಗಳ ಕಿಂಡಿ ತೆರೆಯಿತು. ಒಂದೇ ಬಾರಿಯ ವಿನಾಯಿತಿ ಎಂದು ಹೇಳಿದ್ದು, 2021ರ ಜುಲೈನಲ್ಲಿ ಬರಿಯ ಒಂದು ಕಚೇರಿ ಜ್ಞಾಪನದ ಮೂಲಕ ಕಾಯಂ ದಾರಿಯಾಯಿತು. ಸಂಸತ್ತು ಚರ್ಚಿಸಲಿಲ್ಲ, ಕರಡು ಪ್ರಕಟವಾಗಲಿಲ್ಲ, ಜನರ ಆಕ್ಷೇಪಣೆ ಕೇಳಲಿಲ್ಲ. 2025ರ ಮೇ 16ರಂದು ‘ವನಶಕ್ತಿ’ ಸಂಸ್ಥೆಯ ಅರ್ಜಿಯಲ್ಲಿ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಎರಡನ್ನೂ ಹೊಡೆದುಹಾಕಿತು. 2020ರಲ್ಲಿ ಕರಡಿನ ಕನ್ನಡ ಕೇಳಿದ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಇದೇ ಓಕಾ.

ಆರು ತಿಂಗಳು ಕಳೆದವು. ಓಕಾ ನಿವೃತ್ತರಾಗಿದ್ದರು. 2025ರ ನವೆಂಬರ್ 18ರಂದು ಮೂವರ ಪೀಠ ಎರಡು–ಒಂದರ ಬಹುಮತದಿಂದ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಕಟ್ಟಿ ಮುಗಿದ ಯೋಜನೆಗಳನ್ನು ಕೆಡವಿದರೆ ಸಾರ್ವಜನಿಕ ಹಣ ಪೋಲಾಗುತ್ತದೆ ಎಂಬ ಚಿಂತೆ ಬಹುಮತದ್ದು. ನ್ಯಾಯಮೂರ್ತಿ ಭುಯಾನ್ ಭಿನ್ನಮತ ಬರೆದರು. ನನ್ನ ಮನಸ್ಸು ಭಿನ್ನಮತದ ಕಡೆಗಿದೆ. ಕೆಡವುವುದು ನಷ್ಟ ಎಂಬುದು ಸತ್ಯ. ಆದರೆ ಕಟ್ಟಿ ನಿಲ್ಲಿಸಿಬಿಟ್ಟರೆ ಅನುಮತಿ ಆಮೇಲೆ ಹೇಗೋ ಸಿಗುತ್ತದೆ ಎಂಬ ಪಾಠವನ್ನು ಕಲಿತವರು ಮುಂದಿನ ಸಲವೂ ಹಾಗೇ ಮಾಡುತ್ತಾರೆ. ಇಂಥ ವಾತಾವರಣದಲ್ಲಿ ಕಂಪನಿಯ ವಕೀಲ ತನ್ನ ಕಕ್ಷಿದಾರನಿಗೆ ಏನು ಸಲಹೆ ಕೊಡಬೇಕು? ಕಾನೂನು ಪಾಲಿಸು ಎನ್ನುವ ವಕೀಲನ ಮಾತು ದುಬಾರಿಯಾಗಿಯೂ ಉಲ್ಲಂಘಿಸಿ ಆಮೇಲೆ ನೋಡೋಣ ಎನ್ನುವವನ ಮಾತು ವ್ಯವಹಾರ ಜ್ಞಾನವಾಗಿಯೂ ಕಾಣತೊಡಗಿದರೆ ಅದು ಇಡೀ ವೃತ್ತಿಗೆ ಆಗುವ ಹಾನಿ.

ಶಿಕ್ಷೆಯ ಜಾಗವೂ ಹೀಗೆಯೇ ಸರಿದಿದೆ. 1986ರ ಕಾಯ್ದೆಯಡಿ ಐದು ವರ್ಷದವರೆಗೆ ಸೆರೆವಾಸ ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವಾಗಿ ಬದಲಿಸಿತು, 2024ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ದಂಡ ನಿರ್ಧರಿಸುವವರು ಮ್ಯಾಜಿಸ್ಟ್ರೇಟರಲ್ಲ, ಸರ್ಕಾರದ ಹಿರಿಯ ಅಧಿಕಾರಿ. ಹಳೆಯ ಕ್ರಿಮಿನಲ್ ಪ್ರಕರಣಗಳು ವರ್ಷಗಟ್ಟಲೆ ಕೊಳೆಯುತ್ತಿದ್ದುದರಿಂದ ಬದಲಾವಣೆಗೆ ಕಾರಣವಿತ್ತು. ಆದರೆ ನೂರಾರು ಕೋಟಿ ವಹಿವಾಟಿನ ಕಾರ್ಖಾನೆಗೆ 15 ಲಕ್ಷ ರೂಪಾಯಿ ಖರ್ಚಿನ ಪಟ್ಟಿಯಲ್ಲಿ ಸೇರುವ ಇನ್ನೊಂದು ಸಾಲು ಮಾತ್ರ.

ಕಂಪನಿಗಳ ಕಡೆ ಕಾನೂನು ಕೆಲಸ ಹೇಗೆ ಬೆಳೆದಿದೆ ಎಂಬುದನ್ನೂ ನೋಡಬೇಕು. 2013ರ ಕಂಪನಿ ಕಾಯ್ದೆಯ 166ನೇ ಕಲಮು ಪರಿಸರ ರಕ್ಷಣೆಯನ್ನು ನಿರ್ದೇಶಕರ ಕರ್ತವ್ಯದೊಳಗೆ ಸೇರಿಸಿತು. 2022–23ರ ಹಣಕಾಸು ವರ್ಷದಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಷೇರುಪೇಟೆ ಕಂಪನಿಗಳು ತಮ್ಮ ನೀರು, ವಿದ್ಯುತ್, ಹೊಗೆ, ತ್ಯಾಜ್ಯ, ಕಾರ್ಮಿಕರ ಸ್ಥಿತಿಗತಿಗಳ ಸುಸ್ಥಿರತಾ ವರದಿ ಕೊಡುವುದನ್ನು ಸೆಬಿ ಕಡ್ಡಾಯಮಾಡಿದೆ. 2022ರ ಇಂಧನ ಸಂರಕ್ಷಣಾ ತಿದ್ದುಪಡಿ ಮತ್ತು 2023ರ ಇಂಗಾಲ ಕ್ರೆಡಿಟ್ ವಹಿವಾಟಿನ ಯೋಜನೆ ಹೊಗೆಗೂ ಬೆಲೆ ಕಟ್ಟುವ ಮಾರುಕಟ್ಟೆಗೆ ದಾರಿ ತೆರೆದಿವೆ. ಹಸಿರಲ್ಲದ್ದನ್ನು ಹಸಿರೆಂದು ಮಾರುವ ಜಾಹೀರಾತುಗಳ ವಿರುದ್ಧ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಇವೆಲ್ಲದರ ಹಿಂದೆ ಕರಾರು, ಘೋಷಣೆ, ಪರಿಶೀಲನೆ, ಹೊಣೆಗಾರಿಕೆಯ ಷರತ್ತುಗಳನ್ನು ಬರೆಯುವ ದೊಡ್ಡ ವಕೀಲ ಸಮೂಹವೇ ಬೆಳೆದಿದೆ. ಅವರಲ್ಲಿ ಹಲವರಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಅಗತ್ಯವೇ ಬರುವುದಿಲ್ಲ. ಒಳ್ಳೆಯ ಕೆಲಸ, ಆಗಬೇಕಾದ ಕೆಲಸ. ಅದೇ ಕರಾರಿನ ಇನ್ನೊಂದು ಬದಿಯಲ್ಲಿ ಕೂತವರಿಗೆ ಇಂಥ ವಕೀಲರು ಸಿಗುತ್ತಿದ್ದಾರೆಯೇ?

ಪಾವಗಡಕ್ಕೆ ಹೋದರೆ ಉತ್ತರ ಕಾಣುತ್ತದೆ. ಬರಪೀಡಿತ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ವಿದ್ಯುತ್ ಪಾರ್ಕ್ ಹರಡಿದೆ. ಇಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಒಡೆತನ ರೈತನ ಹೆಸರಿನಲ್ಲೇ ಉಳಿಯುವ ಈ ಮಾದರಿ ಬಲವಂತದ ಸ್ವಾಧೀನಕ್ಕಿಂತ ಎಷ್ಟೋ ಮೇಲು, ಅದನ್ನು ಒಪ್ಪಲೇಬೇಕು. ಆದರೆ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು, ಕಳೆ ತೆಗೆದು ಬದುಕುತ್ತಿದ್ದ ಕೂಲಿಯವರ ಹೆಸರು ಪಹಣಿಯಲ್ಲಿಲ್ಲ. ಕೋರುಪಾಲಿಗೆ ಉಳುತ್ತಿದ್ದವರದ್ದಿಲ್ಲ, ಕುರಿ ಮೇಯಿಸುತ್ತಿದ್ದವರದ್ದೂ ಇಲ್ಲ. ಕರಾರು ಅವರನ್ನು ಗುರುತಿಸುವುದಿಲ್ಲ, ಆದ್ದರಿಂದ ಕಾನೂನೂ ಗುರುತಿಸುವುದಿಲ್ಲ. ತಂದೆಯ ಹೆಸರಿನಲ್ಲೇ ಖಾತೆ ನಿಂತು ಅಣ್ಣತಮ್ಮಂದಿರ ನಡುವೆ ಪಾಲಾಗದ ಜಮೀನು ನಮ್ಮ ಯಾವ ಹಳ್ಳಿಯಲ್ಲಿ ಇಲ್ಲ? ಅಲ್ಲೆಲ್ಲ ಗುತ್ತಿಗೆಗೆ ಮೊದಲು ಪೌತಿ ಖಾತೆ ಆಗಬೇಕು, ಪೋಡಿ ಆಗಬೇಕು. ದೆಹಲಿಯ ಹವಾಮಾನ ಗುರಿ ನಮ್ಮ ತಾಲ್ಲೂಕು ಕಚೇರಿಯ ಭೂದಾಖಲೆ ಶಾಖೆಯ ಮುಂದೆ ಬಂದು ಸರದಿಯಲ್ಲಿ ನಿಲ್ಲುವುದು ಹೀಗೆ.

ಸೌರ ವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮತಿಯ ಅಗತ್ಯವಿಲ್ಲ ಎಂಬುದು ಇನ್ನೊಂದು ಮುಖ್ಯ ಸಂಗತಿ. ಅದನ್ನೂ ನಿರ್ಧರಿಸಿದ್ದು ಮಂತ್ರಾಲಯದ ಜ್ಞಾಪನವೇ. ಅನುಮತಿ ಬೇಡವೆಂದರೆ ಸಾರ್ವಜನಿಕ ಅಹವಾಲು ಸಭೆಯೂ ಬೇಡ. ಹಾಗಾಗಿ ಹೊಗೆ ಕಾರುವ ಕಾರ್ಖಾನೆ ಬಂದರೆ ಮಾತಾಡಲು ಸಿಗುವ ಒಂದು ದಿನದ ವೇದಿಕೆಯೂ ಹಸಿರು ಯೋಜನೆ ಬಂದಾಗ ಹಳ್ಳಿಯವರಿಗೆ ಸಿಗುವುದಿಲ್ಲ.

ಹಸಿರಿಗೂ ಹಸಿರಿಗೂ ನಡುವೆಯೇ ಸಂಘರ್ಷ ಬಂದಾಗ ಏನಾಗುತ್ತದೆ ಎಂಬುದಕ್ಕೆ ಎರೆಭೂತ ಹಕ್ಕಿಯ ಪ್ರಕರಣವೇ ಸಾಕ್ಷಿ. ನಮ್ಮ ಸಿರುಗುಪ್ಪದ ಎರೆ ಹೊಲಗಳಲ್ಲೂ ಬೆರಳೆಣಿಕೆಯಷ್ಟು ಕಾಣಿಸಿಕೊಂಡಿರುವ, ಅಳಿವಿನಂಚಿನ ಈ ದೊಡ್ಡ ಹಕ್ಕಿ ರಾಜಸ್ಥಾನ, ಗುಜರಾತಿನಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿತ್ತು. ತಂತಿಗಳನ್ನು ನೆಲದಡಿಗೆ ಇಳಿಸಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸೌರ ಮತ್ತು ಪವನ ವಿದ್ಯುತ್ತಿನ ರಾಷ್ಟ್ರೀಯ ಗುರಿಗೆ ಇದು ಅಡ್ಡಿ ಎಂದು ಸರ್ಕಾರ ಮತ್ತೆ ಬಂತು. 2024ರ ಮಾರ್ಚ್ 21ರ ತೀರ್ಪಿನಲ್ಲಿ ನ್ಯಾಯಾಲಯ ಆದೇಶವನ್ನು ಸಡಿಲಿಸಿತು. ಅದೇ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿದೆ ಎಂದೂ ಸಾರಿತು. ಕಾಯ್ದೆಯಾಗದ ನೀತಿಯೊಂದು ಮೂಲಭೂತ ಹಕ್ಕಿನ ಎತ್ತರಕ್ಕೆ ಏರಿದ ಗಳಿಗೆ ಅದು. ಅದರ ಮೊದಲ ಫಲ ಸಿಕ್ಕದ್ದು ಪ್ರಜೆಗಿಂತ ಹೆಚ್ಚಾಗಿ ಯೋಜನೆಗೆ ಎಂಬುದನ್ನೂ ಗಮನಿಸಬೇಕು. ಬರ, ನೆರೆ, ಬಿಸಿಗಾಳಿಯಿಂದ ಬದುಕು ಕೆಟ್ಟವರು ಇದೇ ಹಕ್ಕನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವುದು ಇನ್ನು ಮುಂದಿನ ವಕೀಲರ ಕೆಲಸ.

ಬೇರೆಯವರ ನೀತಿಯೂ ನಮ್ಮ ಹೊಲಕ್ಕೆ ಬರುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ, ಬೆಳೆದ ದೇಶದ ಕಾನೂನಿಗೆ ಅನುಗುಣವಾಗಿ ಬೆಳೆದದ್ದು ಎಂದು ತೋರಿಸದ ಕಾಫಿಗೆ ತನ್ನ ಮಾರುಕಟ್ಟೆ ಇಲ್ಲವೆಂದು ಯುರೋಪಿನ ಒಕ್ಕೂಟ 2023ರಲ್ಲಿ ನಿಯಮ ಮಾಡಿದೆ. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದೆಯಾದರೂ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ತೋಟದ ಜಾಗವನ್ನು ಅಕ್ಷಾಂಶ ರೇಖಾಂಶದೊಂದಿಗೆ ದಾಖಲಿಸಬೇಕಾಗಿದೆ. ಜಮ್ಮಾ ಬಾಣೆಯಂಥ ಜಟಿಲ ಹಿಡುವಳಿಯ ಕೊಡಗಿನಲ್ಲಿ ಇದು ಮತ್ತೆ ಪಹಣಿಯ ಪ್ರಶ್ನೆಯೇ. ಅಲ್ಲೂ ಬೇಕಾಗಿರುವುದು ಮಡಿಕೇರಿಯ, ಸೋಮವಾರಪೇಟೆಯ ವಕೀಲರು. ದೂರದ ನಗರದ ದೊಡ್ಡ ಕಚೇರಿಗಳಿಗೆ ಆ ಹಿಡುವಳಿಯ ಒಳಗುಟ್ಟು ತಿಳಿಯದು.

ಹಾಗಾದರೆ ವೃತ್ತಿ ಏನು ಮಾಡಬೇಕು? ಕಾನೂನು ಪದವಿಯಲ್ಲಿ ಪರಿಸರ ಕಾನೂನು ಕಡ್ಡಾಯ ವಿಷಯವಾಗಿ ವರ್ಷಗಳಾದವು. ಆದರೆ ತೀರ್ಪುಗಳ ಹೆಸರು ಬಾಯಿಪಾಠ ಮಾಡಿ ಪಾಸಾದವರಿಗೆ ಒಂದು ಪರಿಸರ ಅನುಮತಿ ಪತ್ರದ ಷರತ್ತುಗಳನ್ನು ಓದಲು, ಆರು ತಿಂಗಳಿಗೊಮ್ಮೆ ಕಂಪನಿ ಸಲ್ಲಿಸಬೇಕಾದ ಪಾಲನಾ ವರದಿಯನ್ನು ತರಿಸಿ ತಾಳೆ ನೋಡಲು ಬರಬೇಕು. ಜಿಲ್ಲಾ ವಕೀಲರ ಸಂಘಗಳು ಕನ್ನಡದಲ್ಲಿ ಇದರ ತರಬೇತಿ ಕೊಡಬಹುದು. ಇನ್ನೊಂದು ದಾರಿ ಈಗಾಗಲೇ ಕಾಯ್ದೆಯಲ್ಲೇ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 4(ಡಿ) ಕಲಮು ದುರ್ಬಲರಿಗಾಗಿ ಸಾಮಾಜಿಕ ನ್ಯಾಯದ ಮೊಕದ್ದಮೆಗಳನ್ನು ಹೂಡುವ ಕೆಲಸವನ್ನು ರಾಷ್ಟ್ರೀಯ ಪ್ರಾಧಿಕಾರಕ್ಕೆ ವಹಿಸುತ್ತದೆ, ಪರಿಸರ ರಕ್ಷಣೆಯನ್ನು ಅಲ್ಲಿ ಹೆಸರು ಹೇಳಿಯೇ ಸೇರಿಸಲಾಗಿದೆ. ತಾಲ್ಲೂಕಿನವರೆಗೂ ಸಮಿತಿಗಳಿರುವ ವ್ಯವಸ್ಥೆ ಇದು. ಜೀವನಾಂಶ, ಅಪಘಾತ ಪರಿಹಾರದ ಜೊತೆಗೆ ಕೆರೆ, ಗಣಿ, ಗುತ್ತಿಗೆ ಕರಾರುಗಳೂ ಆ ಸಮಿತಿಗಳ ಮೇಜಿಗೆ ಬರಬೇಕು. ಬೆಂಗಳೂರಿಗೆ ಹಸಿರು ನ್ಯಾಯಮಂಡಳಿಯ ಪೀಠ ಬರಬೇಕು, ಕನ್ನಡದ ದಾಖಲೆಯನ್ನು ಅದು ಸ್ವೀಕರಿಸಬೇಕು.

ಅಲ್ಲಿಯವರೆಗೆ ಓದುಗರು ಕೆಲವು ಲೆಕ್ಕಗಳನ್ನು ನೆನಪಿಡಿ. ನಿಮ್ಮೂರಿಗೆ ಪರಿಸರ ಅನುಮತಿ ಬೇಕಾದ ಯೋಜನೆ ಬಂದು ಅಹವಾಲು ಸಭೆ ನಿಗದಿಯಾದರೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಬೇಕು. ಅಧ್ಯಯನ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಿಗದಿದ್ದರೆ ಸಭೆಯಲ್ಲೇ ಆಕ್ಷೇಪಣೆ ಬರೆಸಿ, ನಡಾವಳಿಯಲ್ಲಿ ದಾಖಲಾಗಿದೆಯೇ ನೋಡಿ. ಅನುಮತಿ ಕೊಟ್ಟ ಮೇಲೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು 30 ದಿನ, ತಡಕ್ಕೆ ಸಕಾರಣ ಕೊಟ್ಟರೆ ಇನ್ನು 60 ದಿನ. ಆ ಲೆಕ್ಕ ಆದೇಶ ಮೊದಲ ಬಾರಿಗೆ ಸಾರ್ವಜನಿಕವಾಗಿ ತಿಳಿಸಲ್ಪಟ್ಟ ದಿನದಿಂದಲೇ ಶುರುವಾಗುತ್ತದೆ ಎಂದು ಗುಜರಾತಿನ ತಲ್ಲಿ ಗ್ರಾಮ ಪಂಚಾಯ್ತಿಯ ಪ್ರಕರಣದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೊಂಬತ್ತು ದಿನ ದಾಟಿದ ಮೇಲ್ಮನವಿಯನ್ನು ಸ್ವೀಕರಿಸುವ ಅಧಿಕಾರ ನ್ಯಾಯಮಂಡಳಿಗೇ ಇಲ್ಲ.